ಮೇಸ್ತ್ರಿ ಪಗಾರ ಕೊಡದೆ ಫೋನ್ ಆಫ್ ಮಾಡಿದ್ದಾನೆ, ಶೆಡ್ ಖಾಲಿ ಮಾಡಿ ಅಂತಿದ್ದಾರೆ: ಉಚಿತ ಕಾನೂನು ನೆರವು ನಿಜವಾಗಿ ಸಿಗುತ್ತಾ?

ಕೆರೆಕೋಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ ಉತ್ತರಿಸಿ ಅಂತ ಕೇಳಿಕೊಳ್ಳುತ್ತೇನೆ. ವಕೀಲರು, ಕಾರ್ಮಿಕ ಸಂಘದವರು, ಇಂಥದ್ದನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ನಾನಿರುವುದು ಬೆಂಗಳೂರಿನ ವರ್ತೂರು ಕಡೆ. ನಮ್ಮ ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಶೆಡ್ಡುಗಳ ಸಾಲು ಇದೆ. ಅಲ್ಲಿರುವವರಲ್ಲಿ ಜಾಸ್ತಿ ಜನ ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಗುಳೆ ಬಂದವರು. ಗಾರೆ ಕೆಲಸ, ಸೆಂಟ್ರಿಂಗ್, ಇಟ್ಟಿಗೆ ಮಣ್ಣು ಹೊರುವುದು, ಇದೇ ಅವರ ದುಡಿಮೆ. ಕೊನೆಯ ಸಾಲಿನಲ್ಲಿ ಬಂಗಾಳಿ ಮಾತಾಡುವ ಕೆಲವು ಕುಟುಂಬಗಳಿವೆ. ಅವರು ಅಪಾರ್ಟ್‌ಮೆಂಟುಗಳ ಕಸ ಬೇರ್ಪಡಿಸುತ್ತಾರೆ. ಅವರಲ್ಲೂ ಒಂದಿಬ್ಬರು ಗಂಡಸರು ಇದೇ ಸೈಟಿನಲ್ಲಿ ಹೆಲ್ಪರ್ ಆಗಿದ್ದರು.

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಇರುವುದು ಅದೇ ಶೆಡ್ಡಿನಲ್ಲಿ. ಅವರ ಗಂಡ, ಮೈದುನ, ಅವರೂರಿನ ಇನ್ನೂ ಹಲವರು ಹತ್ತಿರದ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸೈಟಿನಲ್ಲಿ ದುಡಿಯುತ್ತಿದ್ದರು. ಕರೆದುಕೊಂಡು ಬಂದವನು ಅವರ ಕಡೆಯ ಒಬ್ಬ ಮೇಸ್ತ್ರಿ. ಭಾನುವಾರ ಸಂತೆ ಖರ್ಚಿಗೆ ಸ್ವಲ್ಪ ಕೊಡುವುದು, ಉಳಿದ ಪಗಾರವನ್ನು ಊರ ಜಾತ್ರೆಗೆ ಹೊರಡುವಾಗ ಲೆಕ್ಕ ಮಾಡಿ ಒಟ್ಟಿಗೆ ಕೊಡುವುದು ಅಂತ ಮಾತಾಗಿತ್ತಂತೆ. ಜಾತ್ರೆ ಹತ್ತಿರ ಬಂತು, ಮೇಸ್ತ್ರಿಯ ಫೋನ್ ಆಫ್ ಆಯ್ತು. ಸೈಟಿನ ಆಫೀಸಿನಲ್ಲಿ ಕೇಳಿದರೆ ನಾವು ಮೇಸ್ತ್ರಿಗೆ ಎಲ್ಲಾ ಕೊಟ್ಟಾಗಿದೆ, ನಮಗೂ ನಿಮಗೂ ಸಂಬಂಧ ಇಲ್ಲ ಅಂದರಂತೆ. ಮೇಸ್ತ್ರಿಯ ತಮ್ಮ ಊರಿನಲ್ಲಿ ಸಿಕ್ಕಿ, ನೀವು ತಗೊಂಡ ಮುಂಗಡಕ್ಕೇ ಸರಿ ಹೋಯ್ತು, ಏನೂ ಬಾಕಿ ಇಲ್ಲ ಅಂತ ಹೇಳಿ ಕಳಿಸಿದ್ದಾನೆ. ಇದರ ಮೇಲೆ ಶೆಡ್ಡಿನ ಬಾಡಿಗೆ ಮೇಸ್ತ್ರಿಯೇ ಕಟ್ಟುತ್ತಿದ್ದದ್ದು, ಅದೂ ನಿಂತಿದೆ. ಜಾಗದ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ, ಇಲ್ಲ ಅಂದರೆ ತಗಡು ಕಿತ್ತು ಹಾಕುತ್ತೇವೆ ಅಂದಿದ್ದಾರೆ.

ಅವರ ಹತ್ತಿರ ಒಂದು ಚೂರು ಕಾಗದ ಇಲ್ಲ. ನೇಮಕದ ಪತ್ರ ಇಲ್ಲ, ಗುರುತಿನ ಚೀಟಿ ಇಲ್ಲ, ಸಂಬಳದ ಸ್ಲಿಪ್ ಅಂತೂ ಕೇಳಲೇಬೇಡಿ.

ಕೇಸು ಹಾಕಿದರೆ ಹಣ ಕೊಡಬೇಕಾದದ್ದು ಯಾರು, ಮೇಸ್ತ್ರಿಯೋ ಬಿಲ್ಡರೋ? ಉಚಿತ ಕಾನೂನು ನೆರವು ಅಂತ ಕೋರ್ಟಿನ ಗೋಡೆ ಮೇಲೆ ಬರೆದಿರುತ್ತಾರಲ್ಲ, ಅದು ಇಂಥವರಿಗೆ ನಿಜವಾಗಿ ಸಿಗುತ್ತಾ? ಬಂಗಾಳಿ ಕುಟುಂಬದವರು ನಮ್ಮ ಹೆಸರು ಹಾಕಲೇಬೇಡಿ, ಪೊಲೀಸ್ ಬಂದರೆ ಕಷ್ಟ ಅಂತ ಕೈ ಮುಗಿಯುತ್ತಿದ್ದಾರೆ. ಅವರನ್ನು ಬಿಟ್ಟು ಮುಂದೆ ಹೋಗುವುದು ನನಗಂತೂ ಸರಿ ಕಾಣುತ್ತಿಲ್ಲ. ಏನು ಮಾಡಬಹುದು ಹೇಳಿ.

ದೇವದುರ್ಗದವ:

ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಉರಿಯಿತು. ಇದು ನಮ್ಮ ಕಡೆ ಮನೆಮನೆಯ ಕಥೆ. ನಮ್ಮಪ್ಪ ಅಮ್ಮ ಇಬ್ಬರೂ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗಿ ದುಡಿದೇ ನಮ್ಮನ್ನು ಓದಿಸಿದ್ದು. ಕೃಷ್ಣಾ, ತುಂಗಭದ್ರಾ ಎರಡೂ ಹರಿಯುವ ಜಿಲ್ಲೆ ನಮ್ಮದು, ಆದರೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಬರುವುದೇ ಇಲ್ಲ. ಒಂದು ಮಳೆ ಕೈ ಕೊಟ್ಟರೆ ಊರಿಗೆ ಊರೇ ಬಸ್ಸು ಹತ್ತುತ್ತದೆ, ಮನೆಯಲ್ಲಿ ಮುದುಕರು ಮತ್ತು ಬೀಗ ಮಾತ್ರ ಉಳಿಯುತ್ತವೆ.

ಕಾಗದ ಇಲ್ಲ ಅಂದಿರಿ. ಸ್ವಲ್ಪ ಕೂತು ಹುಡುಕಿ, ಇರುತ್ತದೆ. ಮೇಸ್ತ್ರಿ ಭಾನುವಾರದ ಖರ್ಚಿನ ದುಡ್ಡನ್ನು ಫೋನ್‌ಪೇಯಲ್ಲಿ ಕಳಿಸಿರುತ್ತಾನೆ, ಅದರಲ್ಲಿ ತಾರೀಕು, ಹೆಸರು, ಮೊತ್ತ ಎಲ್ಲಾ ಇರುತ್ತದೆ. ನಾಳೆ ಎಷ್ಟು ಜನ ಬರ್ತೀರಿ ಅಂತ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್ ಇರುತ್ತದೆ. ಹುಡುಗರು ಸೈಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ತೆಗೆದ ಫೋಟೋ, ರೀಲ್ಸ್ ಇರುತ್ತವೆ. ಹೆಂಗಸರಲ್ಲಿ ಯಾರಾದರೊಬ್ಬರು ಮಗುವಿನ ಶಾಲೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಜರಿ ಗೀಟು ಹಾಕಿಟ್ಟಿರುತ್ತಾರೆ, ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಸೈಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಹೋದವರ ಹೆಸರು ಬರೆದುಕೊಳ್ಳುತ್ತಾರೆ, ಆ ಪುಸ್ತಕ ಎಲ್ಲಿದೆ ಅಂತ ತಿಳಿದಿಟ್ಟುಕೊಳ್ಳಿ. ಯಾವ ಫೋನಿನಲ್ಲೂ ಏನೂ ಡಿಲೀಟ್ ಮಾಡಬೇಡಿ ಅಂತ ಇವತ್ತೇ ಹೇಳಿ. ಫೋನ್ ಒಡೆದು ಹೋದರೆ, ರಿಪೇರಿಗೆ ಕೊಟ್ಟರೆ ಎಲ್ಲಾ ಹೋಯ್ತು.

ಇನ್ನೊಂದು, ಮುಂಗಡದ ಲೆಕ್ಕವನ್ನು ಮೇಸ್ತ್ರಿಯ ಬಾಯಿಂದ ಕೇಳಬೇಡಿ. ಪ್ರತಿ ಮನೆಯವರನ್ನು ಬೇರೆ ಬೇರೆ ಕೂರಿಸಿ, ಯಾವ ತಿಂಗಳು ಎಷ್ಟು ತಗೊಂಡಿರಿ, ಎಷ್ಟು ಹಾಜರಿ ಆಯ್ತು, ದಿನಕ್ಕೆ ಎಷ್ಟು ಅಂತ ಮಾತಾಗಿತ್ತು ಅಂತ ಬರೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿದಿದ್ದರೆ ಇಬ್ಬರದ್ದೂ ಬೇರೆ ಬರೆಯಿರಿ. ಜೋಡಿ ಲೆಕ್ಕ ಅಂತ ಹೆಂಗಸರ ಕೂಲಿಯನ್ನು ಗಂಡಸಿನ ಹೆಸರಲ್ಲಿ ನುಂಗುವುದು ಮಾಮೂಲು.

ವಕಾಲತ್ತು:

ನಾನು ಕಾರ್ಮಿಕ ಪ್ರಕರಣಗಳನ್ನೇ ಜಾಸ್ತಿ ನಡೆಸುವ ವಕೀಲ, ಉಚಿತ ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್‌ನಲ್ಲೂ ಇದ್ದೇನೆ. ದೇವದುರ್ಗದವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಕಾನೂನಿನ ಭಾಗ ಸೇರಿಸುತ್ತೇನೆ.

ನೆರವು ಸಿಗುತ್ತಾ ಅಂದಿರಿ. ಸಿಗಲೇಬೇಕು, ಅದು ಅವರ ಹಕ್ಕು. ಸಂವಿಧಾನದ 39ಎ ವಿಧಿಯಲ್ಲೇ ಇದೆ. ಅದನ್ನು ನಡೆಸಲು ಬಂದದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, ಜಾರಿಯಾದದ್ದು 1995ರ ನವೆಂಬರ್ 9ರಂದು. ಅದರ 12ನೇ ಸೆಕ್ಷನ್ ಓದಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬರ ನೆರೆಯಲ್ಲಿ ನೊಂದವರು, ಜೀತಕ್ಕೆ ಸಿಕ್ಕಿದವರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟು ಅಂತ ಕೇಳುವ ಹಾಗೇ ಇಲ್ಲ. ಆದಾಯದ ಮಿತಿ ಇರುವುದು ಈ ಪಟ್ಟಿಗೆ ಸೇರದವರಿಗೆ ಮಾತ್ರ. ನೀವು ಹೇಳಿದ ಶೆಡ್ಡಿನಲ್ಲಿ ಹೊರಗುಳಿಯುವವರು ಯಾರೂ ಇರಲಿಕ್ಕಿಲ್ಲ. ಆದಾಯ ಪ್ರಮಾಣಪತ್ರ ತನ್ನಿ ಅಂತ ಯಾರಾದರೂ ವಾಪಸ್ ಕಳಿಸಿದರೆ ಈ ಸೆಕ್ಷನ್ ತೋರಿಸಿ.

ಹಾಗೇ ಪ್ಯಾನೆಲ್ ವಕೀಲರಿಗೆ ಶುಲ್ಕ ಕೊಡುವುದು ಪ್ರಾಧಿಕಾರ. ಕಕ್ಷಿದಾರರಿಂದ ಒಂದು ರೂಪಾಯಿ ಕೇಳುವಂತಿಲ್ಲ. ಕೇಳಿದರೆ, ಅಥವಾ ವಕೀಲರು ಕೈಗೆ ಸಿಗದೆ ಓಡಾಡಿದರೆ, ಬೇರೆ ವಕೀಲರನ್ನು ಕೊಡಿ ಅಂತ ಕಾರ್ಯದರ್ಶಿಗೆ ಬರೆದು ಕೊಡಬಹುದು. ದೇಶಕ್ಕೆಲ್ಲ ಒಂದೇ ಸಹಾಯವಾಣಿ 15100. ರಾಜ್ಯ ಪ್ರಾಧಿಕಾರ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ.

ಈಗ ಪಗಾರ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ದೊಡ್ಡ ತಕರಾರುಗಳಿವೆ, ನನಗೂ ಇವೆ, ಅದು ಬೇರೆ ಚರ್ಚೆ. ಆದರೆ ಅವುಗಳಲ್ಲೊಂದಾದ ವೇತನ ಸಂಹಿತೆಯಲ್ಲಿ ನಿಮ್ಮ ಕೈಗೆ ಬರುವ ಕೆಲವು ಅಂಶಗಳಿವೆ. ದಿನಗೂಲಿಯವರಿಗೆ ಆ ದಿನದ ಕೆಲಸ ಮುಗಿದಾಗಲೇ ಕೂಲಿ ಕೊಡಬೇಕು, ವಾರದ ಲೆಕ್ಕ ಆದರೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಲೆಕ್ಕ ಆದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ. ಜಾತ್ರೆಗೆ ಒಟ್ಟಿಗೆ ಕೊಡ್ತೀನಿ ಅನ್ನುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ.

ಯಾರು ಕೊಡಬೇಕು ಅಂದಿರಿ. ಮೊದಲ ಹೊಣೆ ಕೆಲಸಕ್ಕೆ ಇಟ್ಟುಕೊಂಡವನದ್ದು. ಅವನು ಕೊಡದಿದ್ದರೆ ಆ ಸಂಸ್ಥೆಯ ಮಾಲೀಕ, ಅದು ಕಂಪನಿ ಆಗಿರಲಿ, ಪಾಲುದಾರಿಕೆ ಸಂಸ್ಥೆ ಆಗಿರಲಿ, ಕೊಡಬೇಕು ಅಂತ 43ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಮೇಸ್ತ್ರಿಗೆ ಕೊಟ್ಟಾಯ್ತು ಅಂತ ಬಿಲ್ಡರ್ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಕೊಟ್ಟಿದ್ದರೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳುವುದು ಬಿಲ್ಡರ್ ತಲೆನೋವು. ಅರ್ಜಿಯಲ್ಲಿ ಮೇಸ್ತ್ರಿ, ಅವನ ಮೇಲಿನ ಗುತ್ತಿಗೆದಾರ, ಬಿಲ್ಡರ್, ಮೂವರನ್ನೂ ಎದುರುದಾರರಾಗಿ ಹಾಕಿ. ಬಿಲ್ಡರ್ ಕಂಪನಿಯ ನಿಜವಾದ ಹೆಸರು ಗೊತ್ತಿಲ್ಲ ಅಂದರೆ ಸೈಟಿನ ಬೋರ್ಡಿನ ಫೋಟೋ ತೆಗೆಯಿರಿ. ಅದರಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರುತ್ತದೆ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿದರೆ ಪ್ರವರ್ತಕರ ಹೆಸರು ವಿಳಾಸ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ 59ನೇ ಸೆಕ್ಷನ್. ಕೂಲಿ ಕೊಟ್ಟಿಲ್ಲ, ಅಥವಾ ಕಡಿಮೆ ಕೊಟ್ಟಿದ್ದಾರೆ ಅಂತ ಅರ್ಜಿ ಬಿದ್ದಾಗ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದವನು ಮಾಲೀಕ. ನಿಮ್ಮವರು ತೋರಿಸಬೇಕಾದದ್ದು ಇಷ್ಟೇ, ನಾವು ಇಂಥ ಕಡೆ ಇಂಥ ತಿಂಗಳುಗಳಲ್ಲಿ ದುಡಿದಿದ್ದೇವೆ ಅಂತ. ಅದಕ್ಕೇ ಆ ಫೋನ್‌ಪೇ ದಾಖಲೆ, ಫೋಟೋ, ಗೇಟಿನ ಪುಸ್ತಕ. ಪರಸ್ಪರ ಒಬ್ಬರಿಗೊಬ್ಬರು ಸಾಕ್ಷಿ ಹೇಳಬಹುದು.

ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಲು 3 ವರ್ಷ ಸಮಯ ಇದೆ, ಆದರೆ ಕಾಯಬೇಡಿ. ಜನ ಊರಿಗೆ ಚದುರಿದರೆ ಸಾಕ್ಷಿ ಚದುರಿದ ಹಾಗೆ. ಎಲ್ಲರೂ ಸೇರಿ ಒಂದೇ ಅರ್ಜಿ ಹಾಕಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಕೆಲಸಗಾರರೇ ಹಾಕಬಹುದು, ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘ ಹಾಕಬಹುದು, ಇಲಾಖೆಯ ನಿರೀಕ್ಷಕರೂ ಹಾಕಬಹುದು. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಈ ಅರ್ಜಿಯ ವಿಚಾರಣೆ ನಡೆಸುವ ಅಧಿಕಾರಿಗಿದೆ. 10 ಪಟ್ಟು ಸಿಕ್ಕೇ ಬಿಡುತ್ತದೆ ಅಂತ ಅವರಿಗೆ ಆಸೆ ಹುಟ್ಟಿಸಬೇಡಿ. ಆದರೆ ಎದುರಿನವರಿಗೆ ಆ ಸೆಕ್ಷನ್ ನೆನಪಿರಲಿ.

ಮುಂಗಡದ ವಿಷಯ. ಮುಂಗಡ ತೀರಿಲ್ಲ, ಆದ್ದರಿಂದ ಬಿಟ್ಟು ಹೋಗುವ ಹಾಗಿಲ್ಲ, ಬೇರೆ ಕಡೆ ದುಡಿಯುವ ಹಾಗಿಲ್ಲ ಅಂತ ಯಾರಾದರೂ ತಡೆದಿದ್ದರೆ ಅದು ಕೂಲಿ ಬಾಕಿಯ ವಿಷಯ ಮಾತ್ರ ಅಲ್ಲ, 1976ರ ಜೀತ ಪದ್ಧತಿ ರದ್ದು ಕಾಯ್ದೆಯ ವಿಷಯ. ಆಗ ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ. ಆ ಸಾಲ ತೀರಿಸುವ ಹೊಣೆಯೇ ಕಾನೂನಿನ ಪ್ರಕಾರ ರದ್ದಾಗುತ್ತದೆ. ಅವರನ್ನು ಇದನ್ನು ನೇರವಾಗಿ ಕೇಳಿ. ಎಷ್ಟೋ ಜನ ಇದನ್ನು ತಾವಾಗಿ ಹೇಳುವುದಿಲ್ಲ, ಸಾಲ ತಗೊಂಡಿದ್ದು ನಮ್ಮದೇ ತಪ್ಪು ಅಂದುಕೊಂಡಿರುತ್ತಾರೆ. 1982ರಲ್ಲಿ ದಿಲ್ಲಿಯ ಏಷ್ಯಾಡ್ (ಏಷ್ಯನ್ ಗೇಮ್ಸ್) ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ. ಹಸಿವು ಬಲವಂತ ಮಾಡಿದರೂ ಅದು ಬಲವಂತವೇ. ಆ ಪ್ರಕರಣ ಶುರುವಾದದ್ದು ಒಂದು ಸಂಘಟನೆ ನ್ಯಾಯಮೂರ್ತಿ ಭಗವತಿಯವರಿಗೆ ಬರೆದ ಒಂದು ಪತ್ರದಿಂದ.

ಕೆರೆಕೋಡಿ:

ವಕೀಲರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಅಕ್ಕನ ಹತ್ತಿರ ಮಾತಾಡಿದೆ. ಮುಂಗಡ ತೀರುವವರೆಗೆ ಬೇರೆ ಸೈಟಿಗೆ ಹೋಗಬೇಡಿ ಅಂತ ಮೇಸ್ತ್ರಿ ಹೇಳಿದ್ದು ನಿಜವಂತೆ, ಆದರೆ ಕೂಡಿ ಹಾಕಿದ್ದು, ಹೊಡೆದಿದ್ದು ಇಲ್ಲವಂತೆ. ದೇವದುರ್ಗದವರು ಹೇಳಿದ ಹಾಗೆ ಹಾಜರಿ ಗೀಟು ಹಾಕಿದ ನೋಟ್‌ಬುಕ್ ಇತ್ತು! ಮೈದುನನ ಹೆಂಡತಿ ಬರೆದಿಟ್ಟಿದ್ದಾರೆ.

ಒಂದು ಅನುಮಾನ. ಇವರು ಬೇರೆ ಊರಿಂದ ಬಂದವರು, ವಲಸೆ ಕಾರ್ಮಿಕರಿಗೆ ಅಂತಲೇ ಬೇರೆ ಕಾನೂನು ಇದೆಯಲ್ಲ, ಅದು ಇವರಿಗೆ ಬರುವುದಿಲ್ಲವೇ?

ವಕಾಲತ್ತು:

ಬರುವುದಿಲ್ಲ. 1979ರ ಕಾನೂನು ಇದ್ದದ್ದು ಅಂತರರಾಜ್ಯ ವಲಸೆ ಕಾರ್ಮಿಕರಿಗೆ, ಈಗ ಅದು ಹೊಸ ಸಂಹಿತೆಯೊಳಗೆ ಸೇರಿದೆ, ಅಲ್ಲೂ ಬೇರೆ ರಾಜ್ಯದಿಂದ ಬಂದಿರಲೇಬೇಕು. ಕರ್ನೂಲಿನಿಂದ ಬೆಂಗಳೂರಿಗೆ ಬಂದವರು ಕಾನೂನಿನ ಲೆಕ್ಕದಲ್ಲಿ ವಲಸೆ ಕಾರ್ಮಿಕರು, ಅದಕ್ಕಿಂತ ದೂರದ ಯಾದಗಿರಿಯಿಂದ ಬಂದವರು ಅಲ್ಲ. ರಾಜ್ಯದ ಗಡಿ ದಾಟಿಲ್ಲ ಅನ್ನುವುದೊಂದೇ ಕಾರಣ. ನಮ್ಮ ರಾಜ್ಯದಲ್ಲಿ ಗುಳೆ ಹೋಗುವವರಲ್ಲಿ ಇಷ್ಟೊಂದು ಜನ ರಾಜ್ಯದೊಳಗೇ ಓಡಾಡುವಾಗ ಅವರ ಪ್ರಯಾಣ ಭತ್ಯೆಗೆ, ದಾಖಲೆಗೆ ಯಾವ ಕಾನೂನೂ ಇಲ್ಲದಿರುವುದು ದೊಡ್ಡ ಅನ್ಯಾಯ. ಕರ್ನಾಟಕ ಸರ್ಕಾರ ಇದಕ್ಕೆ ತಾನೇ ನಿಯಮ ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ಕೂಲಿ ಬಾಕಿಯ ಅರ್ಜಿಗೆ ಇದರಿಂದ ಏನೂ ತೊಂದರೆ ಇಲ್ಲ. ವೇತನ ಸಂಹಿತೆ ಎಲ್ಲರಿಗೂ ಅನ್ವಯ.

ಬಯಲುಸೀಮೆ:

ಇಷ್ಟೆಲ್ಲಾ ಯಾಕೆ? ನಾಲ್ಕು ಜನ ಸೇರಿ ಸ್ಟೇಷನ್‌ಗೆ ಹೋಗಿ ಮೇಸ್ತ್ರಿ ಮೇಲೆ ಮೋಸದ ಕಂಪ್ಲೇಂಟ್ ಕೊಡಿ, ಎರಡು ದಿನದಲ್ಲಿ ದುಡ್ಡು ತಂದು ಇಡುತ್ತಾನೆ. ಕಾರ್ಮಿಕ ಇಲಾಖೆ, ಕೋರ್ಟು ಅಂತ ಹೋದರೆ ದಿನಗೂಲಿಯವರು ಎಷ್ಟು ದಿನ ಕೆಲಸ ಬಿಟ್ಟು ಅಲೆಯಬೇಕು? ಅರ್ಧ ಕೊಟ್ಟರೂ ತಗೊಂಡು ಮುಗಿಸುವುದೇ ಮೇಲು ಅನ್ನಿಸುತ್ತದೆ. ನನ್ನ ಮಾತು ಒರಟಾಗಿ ಕಾಣಬಹುದು, ಆದರೆ ಬಡವರಿಗೆ ಸಮಯವೇ ದುಡ್ಡು.

ಹೊಸಿಲು:

ಬಯಲುಸೀಮೆಯವರೇ, ಅಲೆದಾಟದ ಮಾತು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ನಾನು ಪ್ಯಾರಾ ಲೀಗಲ್ ವಾಲಂಟಿಯರ್. ಕೆಲಸಗಾರರ ಜೊತೆ ಕಾರ್ಮಿಕ ಇಲಾಖೆಗೆ, ಠಾಣೆಗೆ, ಕೋರ್ಟಿಗೆ ಹೋಗುವುದೇ ನನ್ನ ಕೆಲಸ. ಠಾಣೆಯಲ್ಲಿ ಸಾಮಾನ್ಯವಾಗಿ ಬರುವ ಮೊದಲ ಉತ್ತರ ಇದು ಸಿವಿಲ್ ಮ್ಯಾಟರ್, ಲೇಬರ್ ಆಫೀಸಿಗೆ ಹೋಗಿ ಅಂತ. ಇಲ್ಲ ಅಂದರೆ ಇಬ್ಬರನ್ನೂ ಕೂರಿಸಿ ಒಂದು ರಾಜಿ. ಆ ರಾಜಿಯಲ್ಲಿ ಬಿಲ್ಡರ್ ಇರುವುದೇ ಇಲ್ಲ, ಕೊಡುವ ಶಕ್ತಿ ಇರುವವನೇ ಹೊರಗೆ ಉಳಿಯುತ್ತಾನೆ. ಹೊಡೆದಿದ್ದರೆ, ಕೂಡಿ ಹಾಕಿದ್ದರೆ, ಫೋನ್ ಅಥವಾ ಆಧಾರ್ ಕಿತ್ತಿಟ್ಟುಕೊಂಡಿದ್ದರೆ, ಜಾತಿ ಹಿಡಿದು ಬೈದಿದ್ದರೆ ಖಂಡಿತ ಠಾಣೆಗೆ ಹೋಗಿ, ತಕ್ಷಣ 112ಕ್ಕೆ ಕರೆ ಮಾಡಿ. ಬರೀ ಕೂಲಿ ಬಾಕಿಗೆ ಮೊದಲ ದಾರಿ ಕಾರ್ಮಿಕ ಇಲಾಖೆಯೇ.

ಅರ್ಧ ತಗೊಂಡು ಮುಗಿಸುವುದರ ಬಗ್ಗೆ. ತಗೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ದುಡಿದವರು. ನೀವೂ ಅಲ್ಲ, ನಾನೂ ಅಲ್ಲ, ವಕೀಲರೂ ಅಲ್ಲ. ಕೆಲವೊಮ್ಮೆ ಆಸ್ಪತ್ರೆಗೆ ದುಡ್ಡು ಬೇಕಾಗಿರುತ್ತದೆ, ಅರ್ಧಕ್ಕೆ ಒಪ್ಪುತ್ತಾರೆ, ಅದು ಅವರ ಹಕ್ಕು. ಆದರೆ ಪೂರ್ತಿ ಎಷ್ಟು ಬರಬೇಕು, ಕಾನೂನು ಎಷ್ಟು ದೂರ ಬರುತ್ತದೆ ಅನ್ನುವುದು ಗೊತ್ತಿದ್ದು ಒಪ್ಪಬೇಕು. ಮುಖ್ಯವಾಗಿ ಲೋಕ ಅದಾಲತ್‌ನಲ್ಲಿ. ಅಲ್ಲಿ ರಾಜಿಗೆ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಎಲ್ಲಾ ಬಾಕಿ ಮುಟ್ಟಿದೆ ಅನ್ನುವ ಸಾಲು ಇದೆಯಾ ನೋಡಿ, ಹಣ ಕೈಗೆ ಅಥವಾ ಖಾತೆಗೆ ಬಂದ ಮೇಲೆ ಮಾತ್ರ ಅದಕ್ಕೆ ಸಹಿ.

ಕೆರೆಕೋಡಿಯವರೇ, ನೀವು ಮಾಡಬೇಕಾದ ಕೆಲಸ ಹೇಳುತ್ತೇನೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಎರಡು ಪ್ರತಿ. ಒಬ್ಬೊಬ್ಬರ ಹೆಸರು, ಊರು, ಕೆಲಸ, ಯಾವಾಗಿನಿಂದ ಯಾವಾಗಿನವರೆಗೆ, ದಿನದ ಕೂಲಿ, ಬಂದದ್ದು, ಬಾಕಿ, ಹೀಗೆ ಒಂದು ಪಟ್ಟಿ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಆಚೆ ಬರಬೇಡಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಯೇ. ತಗೊಳ್ಳುವುದಿಲ್ಲ ಅಂದರೆ ಹಿಂಬರಹ ಕೊಡಿ, ಅಂದರೆ ಯಾಕೆ ತಗೊಳ್ಳುವುದಿಲ್ಲ ಅಂತ ಬರೆದು ಕೊಡಿ ಅಂತ ಕೇಳಿ, ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಯಾವ ಕಚೇರಿ ಅಂತ ಗೊತ್ತಾಗದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ ಕೇಳಿ. ವಿಚಾರಣೆಗೆ ಪ್ರತಿ ಸಲ ಎಲ್ಲರೂ ಹೋಗಬೇಕಾಗಿಲ್ಲ, ಇಬ್ಬರನ್ನು ಎಲ್ಲರ ಪರವಾಗಿ ಆರಿಸಿಕೊಳ್ಳಲಿ. ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಅವರು ಹೋದ ದಿನದ ಕೂಲಿಯನ್ನು ಉಳಿದವರು ಹಂಚಿಕೊಂಡು ಕೊಡುವ ಪದ್ಧತಿ ಹಲವು ಕಡೆ ಇದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ. ನೀವು ಜೊತೆಗೆ ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ, ಆದರೆ ಅಧಿಕಾರಿ ಪ್ರಶ್ನೆ ಕೇಳಿದಾಗ ಅವರೇ ಉತ್ತರ ಹೇಳಲಿ. ನಿಮ್ಮ ಇಂಗ್ಲಿಷು, ನಿಮ್ಮ ಬಟ್ಟೆ ನೋಡಿ ಎಲ್ಲರೂ ನಿಮ್ಮ ಜೊತೆ ಮಾತಾಡಲು ಶುರು ಮಾಡುತ್ತಾರೆ, ಬಿಲ್ಡರ್ ಕಡೆಯವರು ನಿಮ್ಮ ಫೋನಿಗೇ ರಾಜಿಗೆ ಕರೆ ಮಾಡುತ್ತಾರೆ. ಆಗ ಫೋನನ್ನು ಅಕ್ಕನ ಕೈಗೆ ಕೊಡಿ.

ಇದೇ ಓಡಾಟದಲ್ಲಿ ಇನ್ನೂ ಎರಡು ಕೆಲಸ ಆಗುತ್ತವೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಆ ಮಂಡಳಿಯ ಹಣ ಕಟ್ಟಡದ ವೆಚ್ಚದ ಮೇಲೆ ಹಾಕುವ ಶೇ 1 ಸೆಸ್‌ನಿಂದ ಬಂದದ್ದು, ಅಂದರೆ ಅವರೇ ಕಟ್ಟಿದ ಕಟ್ಟಡದಿಂದ. ಇನ್ನು ಮಕ್ಕಳು ಶಾಲೆಗೆ ಹೋಗುತ್ತಿಲ್ಲ ಅಂದರೆ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಇಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ದಾಖಲಾತಿ ತಡೆಯುವಂತಿಲ್ಲ.

ಬೆಳ್ಳಂದೂರು ಬದಿ:

ಬಂಗಾಳಿ ಕುಟುಂಬಗಳ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2020ರ ಜನವರಿ ನೆನಪಿದೆಯಾ? ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಅನ್ನುವ ಅನುಮಾನದ ಮೇಲೆ ಶೆಡ್ಡುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ವೋಟರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು, ಕೋರ್ಟ್ ತಡೆ ಕೊಟ್ಟಿತು, ಯಾವ ಕಾನೂನಿನ ಅಧಿಕಾರದಲ್ಲಿ ಹೀಗೆ ಖಾಲಿ ಮಾಡಿಸಿದಿರಿ ಅಂತ ಪೊಲೀಸರನ್ನು ಪ್ರಶ್ನಿಸಿತು. ಆಗ ಆ ಅರ್ಜಿ ಹಾಕದೇ ಇದ್ದಿದ್ದರೆ ಕೇಳುವವರೇ ಇರುತ್ತಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕೊನೆಯ ಸಾಲಿನವರನ್ನು ಬಿಟ್ಟರೆ ಮುಂದಿನ ಸಾಲಿನವರು ಸುರಕ್ಷಿತ ಅಂದುಕೊಳ್ಳಬೇಡಿ. ತಗಡು ಕೀಳುವವರು ಯಾರು ಯಾವ ಜಿಲ್ಲೆ ಅಂತ ಕೇಳಿ ಕೀಳುವುದಿಲ್ಲ.

ಕಾನೂನು ನೋಡಿ. ಸಂವಿಧಾನದ 14 ಮತ್ತು 21ನೇ ವಿಧಿಗಳು ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯ, ಬರೀ ನಾಗರಿಕರಿಗೆ ಅಲ್ಲ. ಉಚಿತ ಕಾನೂನು ನೆರವಿನ 12ನೇ ಸೆಕ್ಷನ್ ಕೂಡ ವ್ಯಕ್ತಿ ಅಂತಲೇ ಶುರುವಾಗುತ್ತದೆ. ದುಡಿದ ಕೂಲಿ ಕೇಳುವ ಅರ್ಜಿಯಲ್ಲಿ ಸಾಬೀತಾಗಬೇಕಾದದ್ದು ದುಡಿಮೆ. ಹಾಗಂತ ಅವರ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಬಂಗಾಳಿ ಮಾತಾಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ, ಪಶ್ಚಿಮ ಬಂಗಾಳದ ನಮ್ಮದೇ ದೇಶದ ಜನರನ್ನು ಹಲವು ಊರುಗಳಲ್ಲಿ ಹಿಡಿದು ಕೂರಿಸಿದ್ದಾರೆ. ಪೌರತ್ವದ ಪ್ರಶ್ನೆ ಎದ್ದರೆ ಸಾಬೀತು ಮಾಡುವ ಹೊರೆ ಅವರ ತಲೆ ಮೇಲೆಯೇ ಬೀಳುತ್ತದೆ, ಅದೇ ದೊಡ್ಡ ಭಯ. ಆದ್ದರಿಂದ ಅವರ ಹೆಸರನ್ನು ಅವರು ಒಪ್ಪದೆ ಯಾವ ಪಟ್ಟಿಗೂ ಸೇರಿಸಬೇಡಿ, ಅವರ ಫೋಟೋ, ವಿಳಾಸ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಮೊದಲು ಒಬ್ಬ ವಕೀಲರ ಜೊತೆ ಅವರನ್ನು ಖಾಸಗಿಯಾಗಿ ಕೂರಿಸಿ ಮಾತಾಡಿಸಿ, ಕಾಗದಪತ್ರ ಏನಿದೆ ನೋಡಲಿ. ಎಲ್ಲಾ ದಾಖಲೆಯ ನಕಲು ಊರಿನಲ್ಲಿರುವ ನಂಟರ ಹತ್ತಿರ ಒಂದು ಪ್ರತಿ ಇರಲಿ. ಒಂದು ವೇಳೆ ಯಾರನ್ನಾದರೂ ಕರೆದುಕೊಂಡು ಹೋದರೆ, ಬಂಧಿಸಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅಂತ 22ನೇ ವಿಧಿ ಇದೆ. ಇವತ್ತೇ ವಕೀಲರ ಒಂದು ಫೋನ್ ನಂಬರ್ ಎಲ್ಲರ ಹತ್ತಿರ ಬರೆದಿರಲಿ. ಅದನ್ನು ಮೊಬೈಲಿನಲ್ಲಿ ಇಟ್ಟರೆ ಸಾಲದು, ಮೊಬೈಲನ್ನೇ ಮೊದಲು ಕಿತ್ತುಕೊಳ್ಳುವುದು. ಕಾಗದದಲ್ಲಿ ಬರೆದುಕೊಡಿ.

ಅವರು ಈಗ ಬೇಡ ಅಂದರೆ ಒತ್ತಾಯ ಬೇಡ. ಕೂಲಿ ಕೇಳಲು 3 ವರ್ಷ ಸಮಯ ಇದೆ ಅಂತ ವಕೀಲರು ಹೇಳಿದ್ದಾರೆ, ಮುಂದಿನ ಸಾಲಿನವರ ಅರ್ಜಿ ಒಂದು ಹಂತಕ್ಕೆ ಬಂದ ಮೇಲೆ ಅವರೂ ಸೇರಬಹುದು. ಅವರು ದುಡಿದ ತಿಂಗಳುಗಳ ಲೆಕ್ಕವನ್ನು ಮಾತ್ರ ಈಗಲೇ ಬರೆಸಿ, ಅವರ ಹತ್ತಿರವೇ ಇಟ್ಟುಕೊಳ್ಳಲಿ.

ವಕಾಲತ್ತು:

ಬೆಳ್ಳಂದೂರಿನವರ ಮಾತಿಗೆ ಪೂರ್ತಿ ಒಪ್ಪಿಗೆ. ಶೆಡ್ಡಿನ ವಿಷಯ ನಾನು ಬಿಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಬಾಡಿಗೆ ಕರಾರು ಇಲ್ಲದಿದ್ದರೂ, ವಾಸ ಇರುವವರನ್ನು ಕಾನೂನಿನ ದಾರಿ ಬಿಟ್ಟು ಬಲವಂತವಾಗಿ ಹೊರಗೆ ಹಾಕುವಂತಿಲ್ಲ. ಹಾಕಿದರೆ 6 ತಿಂಗಳೊಳಗೆ ಸಿವಿಲ್ ಕೋರ್ಟಿನಲ್ಲಿ ಸ್ವಾಧೀನ ವಾಪಸ್ ಕೇಳಬಹುದು. ಇಲ್ಲಿ ಶೆಡ್ ಹಿಡಿದಿದ್ದು ಮೇಸ್ತ್ರಿ, ಹಾಗಾಗಿ ವಾದ ಸ್ವಲ್ಪ ಕಷ್ಟ, ಸುಲಭ ಅಂತ ಹೇಳಿ ನಿಮ್ಮನ್ನು ನಂಬಿಸುವುದಿಲ್ಲ. ಸದ್ಯಕ್ಕೆ ಮಾಲೀಕರ ಹತ್ತಿರ ಕೂತು, ಮುಂದಿನ ತಿಂಗಳಿಂದ ಬಾಡಿಗೆಯನ್ನು ನೇರವಾಗಿ ಈ ಕುಟುಂಬಗಳೇ ಕೊಡುವ ಮಾತಾಡಿ, ಕೊಟ್ಟಿದ್ದಕ್ಕೆ ರಸೀದಿ ಅಥವಾ ಯುಪಿಐ ದಾಖಲೆ ಇರಲಿ. ಮಾಲೀಕರಿಗೂ ಬೇಕಾಗಿರುವುದು ಬಾಡಿಗೆ ಅಲ್ವಾ. ಒಪ್ಪದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಅರ್ಜಿಯಲ್ಲಿ ಇದನ್ನೂ ಸೇರಿಸಿ, ತಡೆಯಾಜ್ಞೆ ಕೇಳಲು ವಕೀಲರನ್ನು ಕೊಡುತ್ತಾರೆ.

ಕೆರೆಕೋಡಿ:

ನಿನ್ನೆ ರಾತ್ರಿ ಎಲ್ಲರೂ ಕೂತು ಪಟ್ಟಿ ಬರೆದೆವು. ಗಂಡಸರ ಬಾಕಿಗಿಂತ ಹೆಂಗಸರ ಬಾಕಿ ಜಾಸ್ತಿ ಬಂತು, ಅದು ಅವರಿಗೇ ಆಶ್ಚರ್ಯ. ಮೈದುನನ ಹೆಂಡತಿ ಮತ್ತು ಊರಿನ ಒಬ್ಬ ಹಿರಿಯರನ್ನು ಎಲ್ಲರ ಪರವಾಗಿ ಆರಿಸಿದ್ದಾರೆ. ಸೋಮವಾರ ಬೆಳಿಗ್ಗೆ ಲೇಬರ್ ಆಫೀಸು, ಅಲ್ಲಿಂದ ನ್ಯಾಯ ದೇಗುಲ. ಬಂಗಾಳಿ ಕುಟುಂಬದವರು ವಕೀಲರ ಜೊತೆ ಮಾತಾಡಲು ಒಪ್ಪಿದ್ದಾರೆ, ಹೆಸರು ಹಾಕುವುದನ್ನು ಆಮೇಲೆ ಹೇಳುತ್ತಾರಂತೆ. ರೇರಾ ನಂಬರ್ ಹಾಕಿ ನೋಡಿದೆ, ಬಿಲ್ಡರ್ ವಿಳಾಸ ಸಿಕ್ಕಿತು.

ವಕೀಲರೇ, ಬಿಲ್ಡರ್ ಹೆಸರಿಗೆ ನೋಟಿಸ್ ಹೋದ ಮೇಲೆ ಅವರು ಬರದೇ ಇದ್ದರೆ?

ವಕಾಲತ್ತು:

ಮೊದಲ ದಿನ ಸಾಮಾನ್ಯವಾಗಿ ವಕೀಲರನ್ನು ಕಳಿಸಿ ಸಮಯ ಕೇಳುತ್ತಾರೆ. ಆಗ ಆಕ್ಷೇಪಣೆಯ ಜೊತೆ ಹಾಜರಿ ಮತ್ತು ವೇತನದ ರಿಜಿಸ್ಟರ್ ತರಲು ಆದೇಶಿಸಿ ಅಂತ ನೀವು ಅವತ್ತೇ ಬರವಣಿಗೆಯಲ್ಲಿ ಕೇಳಿ. ಬರಲೇ ಇಲ್ಲ ಅಂದರೆ ಏಕಪಕ್ಷೀಯವಾಗಿ ವಿಚಾರಣೆ ಮುಂದುವರಿಸಿ ಅಂತ ಇನ್ನೊಂದು ಅರ್ಜಿ. ಎರಡೂ ಅರ್ಜಿಯ ನಮೂನೆ ನಿಮಗೆ ಮೆಸೇಜ್ ಮಾಡುತ್ತೇನೆ. ಸೋಮವಾರ ಹೋಗುವಾಗ ಆ ನೋಟ್‌ಬುಕ್ಕಿನ ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಲಗತ್ತಿಸಿ.